ಗುರುವಾರದವರೆಗೆ ಉಳಿದ ಕೋಳಿ

ಸೆಪ್ಟೆಂಬರ್ 14

ಗುಂಡಮ್ಮನ ಅಮ್ಮನಿಗೆ,

ನಿನ್ನೆ ಭಾನುವಾರ ಜೀವನದಲ್ಲಿ ಮೊದಲ ಸಲ ಇಡೀ ಕೋಳಿ ಬೇಯಿಸಿದೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸು, ಆಮೇಲೆ ಮುಂದೆ ಓದು.

ತುಂಡು ಮಾಡಿಸಿದರೆ ಅಂಗಡಿಯವನು ಬಾಯಿಗೆ ಬಂದ ಬೆಲೆ ಹೇಳುತ್ತಾನೆ, ಇಡಿಯದು ತಂದರೆ ಅಗ್ಗ ಎಂದು ನೀನು ಹೊರದೇಶದ ಕೆಲಸಕ್ಕೆ ಹೊರಡುವಾಗ ಹೇಳಿದ್ದೆಯಲ್ಲ, ಹಾಗೇ ತಂದೆ. ಬಸ್ಸಿನ ಇಂಜಿನ್ ಇಳಿಸಿ ಬಿಚ್ಚಿ ಜೋಡಿಸುವವನಿಗೆ ಒಂದು ಕೋಳಿ ಯಾವ ಲೆಕ್ಕ ಅಂದುಕೊಂಡಿದ್ದೆ. ಅದರ ಮೈಯಲ್ಲಿ ಎಲ್ಲಿ ತಡಕಿದರೂ ಒಂದು ಬೋಲ್ಟ್ ಇಲ್ಲ ಮಾರಾಯ್ತಿ. ಕೊನೆಗೆ ನನ್ನ ಕಬ್ಬಿಣ ಕೊಯ್ಯುವ ಗರಗಸ ತೆಗೆದೆ. ತೊಳೆದೇ ತೆಗೆದೆ, ಗಾಬರಿಯಾಗಬೇಡ. ನಮ್ಮಮ್ಮ ನೋಡಿ, "ಅದೇನು ಕೋಳಿನೋ, ಮರದ ದಿಮ್ಮಿನೋ? ಇಡು ಅದನ್ನ" ಅಂತ ಕೈಯಿಂದ ಕಿತ್ತುಕೊಂಡಳು. ಸರಿ, ಹಾಗೇ ದೊಡ್ಡ ಪಾತ್ರೆಗೆ ಇಳಿಸಿ ನೀರು ತುಂಬಿ ಮುಚ್ಚಿದೆ. ಬೆಂದ ಮೇಲೆ ನೋಡಿದರೆ ಅದರ ಹೊಟ್ಟೆಯೊಳಗೆ ಒಂದು ಪ್ಲಾಸ್ಟಿಕ್ ಚೀಲ. ಚೀಲವೂ ಚೆನ್ನಾಗಿಯೇ ಬೆಂದಿತ್ತು. ಅಮ್ಮ ಮೂಗು ಮುರಿದು ಬ್ರೆಡ್ ತಿಂದು ಮಲಗಿದಳು. ಗುಂಡಮ್ಮ ಮಾತ್ರ ಪಾಪ, ಒಂದು ಕಾಲು ಪೂರ್ತಿ ತಿಂದು "ಅಪ್ಪಾ, ಟಯರ್ ವಾಸನೆ ಸ್ವಲ್ಪಾನೇ ಇದೆ" ಅಂದಳು.

ಬಸ್ ಷೆಡ್ಡಿನಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದ ಮೇಲೆ ನನ್ನನ್ನು ವಾರಕ್ಕೆ ಎರಡು ಮೂರು ದಿನ ಕರೆಯುತ್ತಾರೆ. ಅದಕ್ಕೇ ಒಂದು ಕೋಳಿಯಲ್ಲಿ ಆದಷ್ಟು ದಿನ ಸಾಗಿಸುವುದು ಹೇಗೆಂದು ಬರೆ. ಕೆಳಗಿನ ಅಂಗಡಿಗೆ ಮಾತ್ರ ಫೋನ್ ಮಾಡಬೇಡ. ಹೋದ ಸಲ ನೀನು ಮಾತಾಡಿದ ಮೇಲೆ ಗುಂಡಮ್ಮ ಶಾಲೆ ಬಿಟ್ಟು ಆ ಅಂಗಡಿಯ ಮೆಟ್ಟಿಲ ಮೇಲೇ ಕೂತಿದ್ದಳು. ಎಬ್ಬಿಸಿಕೊಂಡು ಬರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಪತ್ರವಾದರೆ ಓದಿ ಮಡಚಿ ಇಡಬಹುದು.

ಗುಂಡಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ನೀನು ಬರುವ ಜೂನ್ ತೋರಿಸು ಅಂತಾಳೆ. ಅದು ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಬರುತ್ತೆ ಅಂದರೆ ನಂಬುವುದಿಲ್ಲ.

ಗುಂಡಮ್ಮನ ಅಪ್ಪ

ಅಕ್ಟೋಬರ್ 6

ಗುಂಡಮ್ಮನ ಅಪ್ಪನಿಗೆ,

ಅಡುಗೆಮನೆಯಲ್ಲಿ ನಿಂತು ಓದಿ ಒಬ್ಬಳೇ ನಕ್ಕೆ. ಯಜಮಾನಿ ಓಡಿ ಬಂದು ಇವಳಿಗೇನಾಯಿತು ಎಂದು ನೋಡಿದಳು. ನಾನು ಈ ಮನೆಗೆ ಬಂದ ಮೇಲೆ ನಕ್ಕದ್ದನ್ನು ಅವಳು ನೋಡಿಯೇ ಇರಲಿಲ್ಲ.

ಮೊದಲು ಹೊಟ್ಟೆಯೊಳಗೆ ಕೈ ಹಾಕಿ ನೋಡಬೇಕು ರೀ. ಆ ಚೀಲದಲ್ಲಿ ಲಿವರ್, ಗುಂಡಿಗೆ, ಕತ್ತು ಇಟ್ಟಿರುತ್ತಾರೆ. ಹಿಂದಿನ ದಿನವೇ ಒಳಗೂ ಹೊರಗೂ ಉಪ್ಪು ತಿಕ್ಕಿಡಿ. ಪಾತ್ರೆಯ ತಳಕ್ಕೆ ಈರುಳ್ಳಿ, ಆಲೂಗಡ್ಡೆ ದಪ್ಪದಪ್ಪ ಹೆಚ್ಚಿ ಹಾಸಿ, ಅದರ ಮೇಲೆ ಕೋಳಿಯನ್ನು ಎದೆ ಕೆಳಗಾಗಿ ಮಲಗಿಸಿ. ನೀರು ಬೇಡ, ಅದೇ ಬಿಟ್ಟುಕೊಳ್ಳುತ್ತದೆ. ಸಣ್ಣ ಉರಿ ಇರಲಿ, ಮುಚ್ಚಳ ತೆಗೆದು ತೆಗೆದು ನೋಡಬೇಡಿ, ಅದು ಎಲ್ಲೂ ಓಡಿಹೋಗುವುದಿಲ್ಲ. ತೊಡೆಯ ಸಂದಿಗೆ ಚಾಕು ಚುಚ್ಚಿದಾಗ ಕೆಂಪು ನೀರು ಬರದಿದ್ದರೆ ಬೆಂದಿದೆ ಅಂತ. ಆರಿದ ಮೇಲೆ ಕಾಲನ್ನು ಹೊರಕ್ಕೆ ಮಡಚಿ, ಕೀಲು ತಾನಾಗಿಯೇ ಕಳಚಿಕೊಳ್ಳುತ್ತದೆ. ಗರಗಸ ದೇವರಾಣೆಗೂ ಬೇಡ.

ಮೊದಲ ದಿನ ಕಾಲು, ರೆಕ್ಕೆ. ಮರುದಿನ ಎದೆಯ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಅನ್ನಕ್ಕೆ ಕಲಸಿ, ಸ್ವಲ್ಪವೇ ಇದ್ದರೂ ತುಂಬಾ ಇದ್ದ ಹಾಗೆ ಕಾಣುತ್ತದೆ. ಮೂಳೆ, ಚರ್ಮ ಏನನ್ನೂ ಬಿಸಾಡಬೇಡಿ. ಎಲ್ಲ ಸೇರಿಸಿ ಸಾರು ಕುದಿಸಿ, ದಿನಾ ಎರಡು ಹೊತ್ತು ಕಾಯಿಸಿಟ್ಟರೆ ಕೆಡುವುದಿಲ್ಲ. ಅತ್ತೆಗೆ ಹಲ್ಲಿಲ್ಲವಲ್ಲ, ಅವರಿಗೆ ಅದೇ ಒಳ್ಳೆಯದು.

ಗುಂಡಮ್ಮನಿಗೆ ಒಂದು ಮಾತು ಹೇಳಿ. ಕೋಳಿ ಎಷ್ಟು ಹೆಚ್ಚು ದಿನ ಉಳಿಯುತ್ತದೋ ಅಮ್ಮ ಅಷ್ಟು ಬೇಗ ಬರುತ್ತಾಳಂತೆ ಅನ್ನಿ. ಕಳ್ಳಿ, ಮೂಳೆ ಚೀಪುವುದರಲ್ಲಿ ಎತ್ತಿದ ಕೈ. ಸಾರಿಗೆ ನಾಲ್ಕಾದರೂ ಬಿಡಲಿ.

ಇಲ್ಲಿ ನಾನು ನೋಡಿಕೊಳ್ಳುವ ಅಜ್ಜಿ ಯಜಮಾನಿಯ ತಾಯಿ. ಕೂರಲೂ ಆಗುವುದಿಲ್ಲ. ತೊಳೆಯುವುದು, ಹೊರಳಿಸುವುದು, ತಿನ್ನಿಸುವುದು ಎಲ್ಲ ನಾನೇ. ನನ್ನ ಚಿಂತೆ ಬಿಡಿ, ಚೆನ್ನಾಗಿದ್ದೇನೆ.

ಇವಳು

ನವೆಂಬರ್ 2

ಗುಂಡಮ್ಮನ ಅಮ್ಮನಿಗೆ,

ಗೆದ್ದೆ. ಕೀಲು ಬಿಟ್ಟುಕೊಂಡಾಗ ಒಂದು ಸಣ್ಣ ಶಬ್ದ ಬರುತ್ತದಲ್ಲ, ತುಕ್ಕು ಹಿಡಿದ ನಟ್ಟು ಕೊನೆಗೂ ತಿರುಗಿದ ಹಾಗೆ. ಅಷ್ಟು ಖುಷಿ ಷೆಡ್ಡಿನಲ್ಲೂ ಆಗಿರಲಿಲ್ಲ. ಅಮ್ಮ ಎರಡು ಸಲ ಹಾಕಿಸಿಕೊಂಡಳು, ಆದರೂ ಬಾಯಿಬಿಟ್ಟು ಚೆನ್ನಾಗಿದೆ ಅನ್ನಲಿಲ್ಲ. "ಉಪ್ಪು ಸರಿಯಾಗಿದೆ" ಅಂದಳು. ಅವಳ ಬಾಯಲ್ಲಿ ಅದೇ ದೊಡ್ಡ ಬಿರುದು.

ಮಂಗಳವಾರದವರೆಗೆ ಬಂತು. ಬುಧವಾರಕ್ಕೆ ಮುಟ್ಟಿಸಬೇಕೆಂದು ನನಗೆ ಹಟ ಹತ್ತಿದೆ. ನಿನ್ನ ಮಾತನ್ನು ಗುಂಡಮ್ಮನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಅಂದಳು, ಓದಿದೆ. ಆಮೇಲೆ ಇನ್ನೊಮ್ಮೆ. ಈಗ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಸ್ಟೂಲು ಹಾಕಿಕೊಂಡು ಪಾತ್ರೆ ಇಣುಕುತ್ತಾಳೆ, ಎಷ್ಟು ಉಳಿದಿದೆ ಅಂತ. ನನಗಿಂತ ದೊಡ್ಡ ಜಿಪುಣಿ ಆಗುವ ಲಕ್ಷಣ ಕಾಣುತ್ತಿದೆ.

ಷೆಡ್ಡಿನ ವಿಷಯ ಬರೆಯುವಂಥದ್ದು ಏನೂ ಇಲ್ಲ. ಎಲ್ಲ ಇದ್ದ ಹಾಗೇ ಇದೆ.

ಗುಂಡಮ್ಮನ ಅಪ್ಪ

ನವೆಂಬರ್ 29

ಗುಂಡಮ್ಮನ ಅಪ್ಪನಿಗೆ,

ಬುಧವಾರಕ್ಕೆ ಮುಟ್ಟಿತೇ? ಸಾರು ಕುದಿಯುವಾಗ ಮೇಲೆ ತೇಲುವ ಕೊಬ್ಬನ್ನು ಚಮಚದಲ್ಲಿ ತೆಗೆದು ಬಾಟಲಿಗೆ ಹಾಕಿಡಿ. ಆಲೂಗಡ್ಡೆ ಹುರಿಯಲು ಎಣ್ಣೆ ಬೇಡ.

ಇಲ್ಲಿಯೂ ಇಡೀ ಕೋಳಿಯೇ ತರುತ್ತಾರೆ. ಎದೆಯ ಭಾಗ ಮಾತ್ರ ತಿಂದು ಉಳಿದದ್ದನ್ನು ಕಸದ ಡಬ್ಬಿಗೆ ಹಾಕುತ್ತಾರೆ. ಮೊದಲ ದಿನ ಆ ಡಬ್ಬಿಯ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. ಆಮೇಲೆ ಯಜಮಾನಿಯನ್ನು ಕೇಳಿ ಮೂಳೆಯ ಸಾರು ಮಾಡಿ ಅಜ್ಜಿಗೆ ಚಮಚದಲ್ಲಿ ಕುಡಿಸಿದೆ. ಯಾರು ಕೊಟ್ಟರೂ ಬಾಯಿ ಬಿಗಿಹಿಡಿಯುತ್ತಿದ್ದ ಮುದುಕಿ ಬಾಯಿ ತೆರೆದಳು. ಈಗ ನನ್ನ ಕೈಯಿಂದಲ್ಲದೆ ತಿನ್ನುವುದಿಲ್ಲ. ನಮ್ಮಜ್ಜಿ ಅಂತಲೇ ಬಾಯಿಗೆ ಬರುತ್ತದೆ ನನಗೆ. ಅಡುಗೆಮನೆಯಲ್ಲಿ ನಾಲ್ಕು ಒಲೆ, ನಲ್ಲಿ ತಿರುಗಿಸಿದರೆ ಬಿಸಿನೀರು. ಚಳಿಗೆ ಕೈ ಒಡೆದಿದೆ, ಅಷ್ಟು ಬಿಟ್ಟರೆ ಏನೂ ತೊಂದರೆ ಇಲ್ಲ.

ಗುಂಡಮ್ಮನ ಜಡೆ ಯಾರು ಹಾಕುತ್ತಾರೆ?

ಇವಳು

ಜನವರಿ 11

ಗುಂಡಮ್ಮನ ಅಮ್ಮನಿಗೆ,

ಕೂತು ಓದು. ಕೋಳಿ ಈಗ ಗುರುವಾರದವರೆಗೆ ಬರುತ್ತದೆ. ಬುಧವಾರವಲ್ಲ, ಗುರುವಾರ. ಬೀದಿಯ ಹೆಂಗಸರು ನನ್ನ ಹತ್ತಿರ ಉಪಾಯ ಕೇಳಲು ಬರುತ್ತಾರೆ ಅಂದರೆ ನೀನು ನಂಬಬೇಕು. ಪಕ್ಕದ ಮನೆಯ ಟೈಲರಮ್ಮ, "ನಮ್ಮನೇಲಿ ಸೋಮವಾರಕ್ಕೇ ಮೂಳೆ ಕಾಣುತ್ತೆ, ನೀವು ಏನು ಮಂತ್ರ ಹಾಕ್ತೀರಿ?" ಅಂದಳು. ನಿನ್ನ ಹೆಸರು ಹೇಳದೆ ಮೀಸೆ ತಿರುವಿದೆ.

ರಾತ್ರಿ ಊಟಕ್ಕೆ ಕೂತಾಗ ಪಾತ್ರೆಯ ಮುಚ್ಚಳ ತೆಗೆದು ನಾನು "ಇವತ್ತೂ ಉಳಿದಿದೆ" ಅನ್ನುತ್ತೇನೆ, ಮೂವರೂ ಚಪ್ಪಾಳೆ ತಟ್ಟುತ್ತೇವೆ. ಎಲ್ಲರಿಗಿಂತ ಜೋರು ಗುಂಡಮ್ಮನದೇ. ಜಾಣೆಯಾಗಿದ್ದಾಳೆ. ಇನ್ನೊಂದು ತುಂಡು ಹಾಕು ಅಂತ ಮೊದಲಿನಂತೆ ಹಟ ಮಾಡುವುದಿಲ್ಲ. "ಸೊಸೆಗಿಂತ ನಿನ್ನ ಕೈಯೇ ವಾಸಿ ಕಣೋ" ಅಂತ ಅಮ್ಮ ಕೂಡ ಅಂದಳು. ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಟ್ಟೆ.

ಜಡೆ ನಾನೇ ಹಾಕುತ್ತೇನೆ. ವೈರ್ ಹೆಣೆದ ಹಾಗೆ ಬಿಗಿಯಾಗಿರುತ್ತದೆ, ಸಂಜೆಯವರೆಗೂ ಬಿಚ್ಚುವುದಿಲ್ಲ. ಒಟ್ಟಿನಲ್ಲಿ ನಮ್ಮ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಗುಂಡಮ್ಮನ ಅಪ್ಪ

ಫೆಬ್ರವರಿ 8

ಗುಂಡಮ್ಮನ ಅಪ್ಪನಿಗೆ,

ಪತ್ರ ತಲುಪಿತು. ಸಂತೋಷ. ನಾನಿದ್ದಾಗ ಮಂಗಳವಾರಕ್ಕೇ ಪಾತ್ರೆ ತೊಳೆದು ಕವುಚಿ ಇಟ್ಟಿರುತ್ತಿದ್ದೆ. ಗುರುವಾರ ನನ್ನಿಂದ ಆಗದ ಕೆಲಸ. ಅತ್ತೆ ಹೇಳಿದ್ದು ಸರಿಯಾಗಿಯೇ ಇದೆ ಬಿಡಿ.

ಗುಂಡಮ್ಮ ನನ್ನನ್ನು ಕೇಳುತ್ತಾಳಾ? ಈ ಸಲ ನೀವು ಅದನ್ನು ಬರೆದಿಲ್ಲ.

ಜೂನ್ ಆದ ಮೇಲೆ ಏನು ಮಾಡುತ್ತೀಯ ಎಂದು ಯಜಮಾನಿ ಕೇಳುತ್ತಿದ್ದಾಳೆ. ಇನ್ನೂ ಎರಡು ವರ್ಷಕ್ಕೆ ಕರಾರು ಮಾಡಿಕೊಳ್ಳೋಣ ಅಂತ ಅವಳ ಆಸೆ. ಏಪ್ರಿಲ್ ಮಧ್ಯಕ್ಕೆ ಹೇಳಬೇಕಂತೆ. ನಾನು ಹ್ಞೂಂ ಅಂದಿಲ್ಲ, ಊಹ್ಞೂಂ ಅಂದಿಲ್ಲ. ನೀವೇನು ಹೇಳುತ್ತೀರಿ?

ಇವಳು

ಮಾರ್ಚ್ 3

ಗುಂಡಮ್ಮನ ಅಮ್ಮನಿಗೆ,

ನಾನೇನು ಹೇಳಲಿ? ಅಲ್ಲಿ ನಾಲ್ಕು ಒಲೆ, ಬಿಸಿನೀರು, ನಿಮ್ಮಜ್ಜಿ. ಇಲ್ಲಿ ಒಂದು ಕೋಣೆ, ನಮ್ಮಮ್ಮನ ಗೊಣಗಾಟ. ಬರುವ ಮನಸ್ಸಿದ್ದವಳು ಬರುತ್ತೇನೆ ಅಂತ ಬರೆಯುತ್ತಾಳೆ, ಏನು ಹೇಳುತ್ತೀರಿ ಅಂತ ಕೇಳುವುದಿಲ್ಲ. ನಿನಗೆ ಅಲ್ಲಿ ಹೊಂದಿಕೆಯಾಗಿದ್ದರೆ ನಾನು ಅಡ್ಡ ಬರುವವನಲ್ಲ. ಇಲ್ಲಿ ನೀನಿಲ್ಲದೆ ಏನೂ ನಿಂತುಹೋಗಿಲ್ಲ.

ಗುಂಡಮ್ಮ ಮೊದಲಿನ ಹಾಗೆ ನಿನ್ನನ್ನು ಕೇಳುವುದಿಲ್ಲ. ಸ್ವಲ್ಪ ಬಾಡಿದ್ದಾಳೆ, ಉದ್ದ ಬೆಳೆಯುವ ವಯಸ್ಸು ಅಂತ ಅಮ್ಮ ಹೇಳುತ್ತಾಳೆ.

ಗುಂಡಮ್ಮನ ಅಪ್ಪ

ಏಪ್ರಿಲ್ 17

ಕೇಳೇ,

ನೀನು ಯಾರಿಗೂ ಏನೂ ಒಪ್ಪಿಕೊಳ್ಳಬೇಡ. ಜೂನ್ ಮುಗಿದ ದಿನವೇ ಹೊರಟು ಬಾ. ಆ ಮನೆಗೆ ಎರಡು ಸಲ ಫೋನ್ ಮಾಡಿದೆ. ಎತ್ತಿದವರಿಗೆ ನನ್ನ ಭಾಷೆ ತಿಳಿಯಲಿಲ್ಲ, ಇಟ್ಟುಬಿಟ್ಟರು. ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ಗುಂಡಮ್ಮ ಶಾಲೆಯಲ್ಲಿ ಸಾಲಿನಲ್ಲಿ ನಿಂತಿದ್ದವಳು ಹಾಗೇ ಕುಸಿದುಬಿದ್ದಳು. ಟೀಚರ್ ಎತ್ತಿಕೊಂಡು ಆಸ್ಪತ್ರೆಗೆ ತಂದಿದ್ದರು. ಡಾಕ್ಟರಮ್ಮ ತೂಕ ನೋಡಿ, ರೆಪ್ಪೆ ಬಿಡಿಸಿ ನೋಡಿ, "ಮನೇಲಿ ಮಗೂಗೆ ಊಟ ಹಾಕ್ತೀರೋ ಇಲ್ವೋ?" ಅಂತ ಎಲ್ಲರೆದುರು ಕೇಳಿದಳು. ವಾರಕ್ಕೊಂದು ಕೋಳಿ ತರುತ್ತೇನೆ ಮೇಡಂ, ನಾನೇ ಬಡಿಸುತ್ತೇನೆ ಅಂತ ಆಣೆ ಮಾಡಿದೆ. ಅವಳು ನಂಬಲಿಲ್ಲ.

ಮನೆಗೆ ಬಂದು ಬಡಿಸಿ, ಕೈ ತೊಳೆಯುವ ನೆಪದಲ್ಲಿ ಎದ್ದು ಬಾಗಿಲ ಸಂದಿಯಿಂದ ನೋಡಿದೆ. ತಟ್ಟೆಯ ತುಂಡನ್ನು ಮೆಲ್ಲಗೆ ಎತ್ತಿ ಪಾತ್ರೆಗೆ ವಾಪಸು ಹಾಕಿದಳು. ಸಾರಿನಲ್ಲಿ ಬೆರಳು ಅದ್ದಿ ತುಟಿಗೆ ಸವರಿಕೊಂಡಳು, ತಿಂದ ಹಾಗೆ ಕಾಣಲಿ ಅಂತ. ಅಮ್ಮನಿಗೆ ಕಣ್ಣು ಮಂದ, ನನಗೆ ಕಣ್ಣಿದ್ದೂ ಇಲ್ಲ. ಯಾಕೆ ಪುಟ್ಟ ಅಂತ ಕೇಳಿದರೆ, "ಇನ್ನೊಂದು ದಿನ ಉಳಿದ್ರೆ ಶುಕ್ರವಾರ ಆಗುತ್ತಪ್ಪ. ಎಷ್ಟು ದಿನ ಉಳಿಯುತ್ತೋ ಅಷ್ಟು ಬೇಗ ಅಮ್ಮ ಬರ್ತಾಳಲ್ಲ" ಅಂದಳು. ಯಾವಾಗಿನಿಂದ ಹೀಗೆ ಮಾಡುತ್ತಿದ್ದಾಳೋ. ಅನ್ನವನ್ನೂ ಅರ್ಧ ಬಿಡುತ್ತಾಳೆ, ಅದೂ ಉಳಿಯಲಿ ಅಂತ. ಗುರುವಾರ ಬಂದದ್ದು ನನ್ನ ಕೈಗುಣದಿಂದ ಅಲ್ಲ. ನಾನು ಚಪ್ಪಾಳೆ ತಟ್ಟುತ್ತಿದ್ದೆ ಕಣೇ. ಮಗು ಉಪವಾಸ ಬೀಳುತ್ತಿದ್ದರೆ ದಿನಾ ಚಪ್ಪಾಳೆ ತಟ್ಟುತ್ತಿದ್ದೆ.

ಅದು ತಮಾಷೆಗೆ ಹೇಳಿದ್ದು, ಅಮ್ಮ ಹೇಗೂ ಜೂನಿನಲ್ಲಿ ಬರುತ್ತಾಳೆ, ತಿನ್ನು ಅಂದೆ. ಎರಡು ತುತ್ತು ತಿಂದು ನಿಲ್ಲಿಸಿದಳು. "ಬರಲಿ, ಆಮೇಲೆ ತಿಂತೀನಿ" ಅಂತಾಳೆ. ಬೈದೆ, ಬೇಡಿಕೊಂಡೆ, ಬಾಯಿ ಹಿಡಿದು ತುರುಕಿಯೂ ನೋಡಿದೆ. ಹೊರಗೆ ಹೋಗಿ ವಾಂತಿ ಮಾಡಿಕೊಂಡಳು. ಇಷ್ಟು ಸೊರಗಿದವಳನ್ನು ಗುಂಡಮ್ಮ ಅಂತ ಕರೆಯಲು ನನಗೆ ಬಾಯಿ ಬರುತ್ತಿಲ್ಲ.

ಇನ್ನೊಂದು ವಿಷಯ. ಷೆಡ್ಡಿನವರು ನವೆಂಬರಿನಿಂದ ನನ್ನನ್ನು ಕರೆದೇ ಇಲ್ಲ, ನೀನು ಕಳಿಸುವ ದುಡ್ಡಿನಲ್ಲೇ ದಿನ ದೂಡುತ್ತಿದ್ದೇವೆ. ಇಲ್ಲಿ ಏನೂ ನಿಂತಿಲ್ಲ ಅಂತ ಬರೆದವನು ನಾನು. ಎಲ್ಲವೂ ನಿಂತಿದೆ. ಬಾ.

ಏಪ್ರಿಲ್ 19

ಗುಂಡಮ್ಮನ ಅಪ್ಪನಿಗೆ,

ಮಾರ್ಚ್ ತಿಂಗಳ ನಿಮ್ಮ ಪತ್ರವನ್ನು ಬಹಳ ದಿನ ಇಟ್ಟುಕೊಂಡಿದ್ದೆ. ಇನ್ನೊಂದು ಪತ್ರ ಬರಬಹುದು, ಸಿಟ್ಟಿನಲ್ಲಿ ಬರೆದೆ ಅನ್ನುತ್ತೀರಿ ಎಂದು ಕಾದೆ. ಬರಲಿಲ್ಲ. ನಿನ್ನೆ ಸಹಿ ಹಾಕಿದೆ. ಇನ್ನೆರಡು ವರ್ಷ.

ಬಾ ಎಂದು ಒಂದೇ ಒಂದು ಸಾಲು ಬರೆದಿದ್ದರೆ ನಾನು ಓಡಿ ಬರುತ್ತಿದ್ದೆ. ಆ ಒಂದು ಸಾಲಿಗಾಗಿಯೇ ನಿಮ್ಮನ್ನು ಕೇಳಿದ್ದು. ಹೋಗಲಿ. ನಾನಿಲ್ಲದೆ ಮನೆ ನಡೆಯುತ್ತದೆ, ಮಗಳು ಜಾಣೆಯಾಗಿದ್ದಾಳೆ, ನನ್ನನ್ನು ಕೇಳುವುದಿಲ್ಲ. ಅಲ್ಲಿಗೆ ಬಂದು ನಾನು ಯಾರ ಪಾತ್ರೆ ತೊಳೆಯಲಿ? ಇಲ್ಲಿ ನನ್ನ ದಾರಿ ನೋಡುವವಳು ಒಬ್ಬಳಾದರೂ ಇದ್ದಾಳೆ, ಅವಳು ನನ್ನ ಮಗಳಲ್ಲ ಅಷ್ಟೆ.

ಇವಳು

ಮೇ 8

ಗುಂಡಮ್ಮನ ಅಮ್ಮನಿಗೆ,

ನೀನು ಸಹಿ ಹಾಕಿದ ಪತ್ರ ಈಗ ತಾನೇ ಬಂತು. ಒಳ್ಳೆಯದೇ ಆಯಿತು. ಏಪ್ರಿಲ್ ಹದಿನೇಳರ ದಿನ ನಾನೊಂದು ಪತ್ರ ಹಾಕಿದ್ದೆ. ಅದು ಇನ್ನೂ ನಿನ್ನ ಕೈ ಸೇರಿರದಿದ್ದರೆ, ಬಂದಾಗ ಒಡೆಯದೆ ಹರಿದುಹಾಕು. ಅದರಲ್ಲಿ ಏನೂ ಇಲ್ಲ, ಅಡುಗೆಯದೇ ವಿಷಯ. ಸೇರಿದ್ದರೆ, ಸ್ವಲ್ಪ ಹೆಚ್ಚು ಮಾಡಿ ಬರೆದಿದ್ದೇನೆ ಅಂದುಕೋ. ಮಗು ಈಗ ಚೆನ್ನಾಗಿ ತಿನ್ನುತ್ತಿದ್ದಾಳೆ. ನನಗೂ ಕೆಲಸ ಸಿಗುವ ಹಾಗಿದೆ. ನೀನು ಆರೋಗ್ಯ ನೋಡಿಕೋ.

ಗುಂಡಮ್ಮನ ಅಪ್ಪ

ಮೇ 30

ರೀ,

ಹರಿಯಲಿಲ್ಲ. ನಿಮ್ಮ ಹದಿನೇಳರ ಪತ್ರವೇ ಮೊದಲು ಬಂತು. ಆಮೇಲೆ ಬಂದದ್ದರಲ್ಲಿ ಮಗು ತಿನ್ನುತ್ತಿದ್ದಾಳೆ ಅಂತ ಬರೆದಿದ್ದೀರಿ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ನೀವು ಸುಳ್ಳು ಹೇಳುವಾಗ ವಾಕ್ಯ ಚಿಕ್ಕದಾಗುತ್ತದೆ ಎಂದು ನನಗೆ ಗೊತ್ತು.

ಓದಿದ ದಿನವೇ ಯಜಮಾನಿಯ ಕಾಲು ಹಿಡಿದೆ. ಅವಳು ಕೆಟ್ಟವಳಲ್ಲ, ಅವಳೂ ಅತ್ತಳು. ಆದರೆ ಕರಾರಿನ ಕಾಗದ ನನ್ನನ್ನು ಇಲ್ಲಿಗೆ ಕರೆತಂದ ಏಜೆಂಟನ ಹತ್ತಿರ ಹೋಗಿಯಾಗಿದೆ. ನನ್ನ ಪ್ರಯಾಣದ ದಾಖಲೆಗಳೂ ಅವನ ಕೈಯಲ್ಲೇ ಇವೆ. ಎರಡು ವರ್ಷ ಮುಗಿಯುವವರೆಗೆ ಕೊಡುವುದಿಲ್ಲ ಎಂದ. ಅವನ ಆಫೀಸಿನ ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತಿದ್ದೆ. ಬಾಗಿಲು ಹಾಕಿಕೊಂಡು ಹೋದ.

ಮೂಳೆ ಉಳಿಸಲಿ ಎಂದು ತಮಾಷೆಗೆ ಬರೆದ ಮಾತು. ಅದನ್ನು ನನ್ನ ಮಗು ಹರಕೆಯ ಹಾಗೆ ಹಿಡಿದುಕೊಂಡಳು. ಇಲ್ಲಿ ದಿನಕ್ಕೆ ಮೂರು ಹೊತ್ತು ಚಮಚ ಹಿಡಿದು, ಬಾಯಿ ತೆಗಿ ಅಜ್ಜಿ, ಇನ್ನೊಂದೇ ಇನ್ನೊಂದೇ ಅಂತ ಯಾರದೋ ತಾಯಿಗೆ ತಿನ್ನಿಸುತ್ತೇನೆ. ಈಗೀಗ ಚಮಚ ಎತ್ತಲು ಕೈ ಬರುವುದಿಲ್ಲ.

ಈಗ ನಾನು ಹೇಳುವುದನ್ನು ಹಾಗೇ ಮಾಡಿ. ಜೂನಿನಲ್ಲಿ ಬರುತ್ತಾಳೆ, ಇಲ್ಲವಾದರೆ ಆಮೇಲೆ ಬರುತ್ತಾಳೆ ಅಂತ ಅವಳಿಗೆ ಹೇಳಬೇಡಿ. ಆಸೆ ಇರುವವರೆಗೆ ಅವಳು ತಿನ್ನುವುದಿಲ್ಲ. ಎದುರಿಗೆ ಕೂರಿಸಿಕೊಂಡು, ಅಮ್ಮ ಬರುವುದಿಲ್ಲ ಅನ್ನಿ. ನೀನು ತಿಂದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ, ಕೋಳಿ ಶುಕ್ರವಾರದವರೆಗೆ ಉಳಿದರೂ ಬರುವುದಿಲ್ಲ ಅನ್ನಿ. ಅತ್ತರೆ ಅಳಲಿ. ಕೇಳಿದರೆ, ಅಮ್ಮನೇ ಹೀಗೆ ಹೇಳು ಅಂದಳು ಅನ್ನಿ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಸಿಟ್ಟಿಗಾದರೂ ಹಸಿವಾಗುತ್ತದೆ.

ಇದರ ಜೊತೆ ಅವಳಿಗೆಂದೇ ಬೇರೆ ಒಂದು ಕಾಗದ ಮಡಚಿಟ್ಟಿದ್ದೇನೆ. ಅವಳು ಸರಿಯಾಗಿ ಊಟ ಮಾಡತೊಡಗಿದ ಮೇಲೆ ಓದಿ ಹೇಳಿ. ಅದಕ್ಕೂ ಮೊದಲು ಬೇಡ.

ನಿಮ್ಮ ಇವಳು

ಜುಲೈ 14

ನೀನು ಬರೆದ ಹಾಗೆಯೇ ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಅಮ್ಮ ನಡುವೆ ಬಂದು "ಬೇಡವೋ, ಮಗು ಅದು" ಅಂದಳು, ಅವಳನ್ನು ಗದರಿ ಸುಮ್ಮನಾಗಿಸಿದೆ.

ಮಗು ಅಳಲಿಲ್ಲ. "ಯಾವತ್ತೂನಾ?" ಅಂತ ಕೇಳಿದಳು. ಎರಡು ವರ್ಷ ಅಂತ ಬಾಯಿ ತುದಿಗೆ ಬಂದಿತ್ತು. ಎರಡು ವರ್ಷ ಅಂದರೆ ಆ ಎರಡು ವರ್ಷವೂ ಉಳಿಸತೊಡಗುತ್ತಾಳೆ ಎಂದು ಹೆದರಿ, ಹೌದು ಅಂದುಬಿಟ್ಟೆ. ಆಮೇಲೆ ತಟ್ಟೆ ಎಳೆದುಕೊಂಡಳು.

ಈಗ ತಿನ್ನುತ್ತಾಳೆ. ಈ ಸಲ ವಾಕ್ಯ ಚಿಕ್ಕದಾಗಿದ್ದರೂ ನಿಜ. ಭಾನುವಾರ ಒಂದು ಕಾಲು ಮುಗಿಸಿ ಇನ್ನೊಂದನ್ನೂ ಹಾಕಿಸಿಕೊಂಡಳು, ಮೂಳೆಯನ್ನು ಕಡಿದು ಚೀಪಿದಳು. ಸೋಮವಾರವೇ ಪಾತ್ರೆ ಖಾಲಿಯಾಗುತ್ತದೆ. ತೂಕ ಏರುತ್ತಿದೆ ಅಂತ ಡಾಕ್ಟರಮ್ಮ ಹೇಳಿದಳು.

ನಿನ್ನೆ ಊಟವಾದ ಮೇಲೆ ನಿನ್ನ ಕಾಗದ ತೆಗೆದು, ಅಮ್ಮ ನಿನಗೆ ಅಂತಲೇ ಬರೆದಿದ್ದಾಳೆ, ಓದಲಾ ಅಂದೆ. ಬೇಡ ಅಂದಳು. ಕೈ ತೊಳೆದುಕೊಂಡು ಆಡಲು ಹೋದಳು.